ರಾಣಿಯ ಬಾಗಿಲಿನ ಅಗಲ

ಸ್ವೀಡನ್ನಿನ ಮೀಟಿಂಗುಗಳಲ್ಲಿ ಪ್ರಶ್ನೆ ಕೇಳಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೇಳಿದರೆ ಆ ಕೆಲಸ ಕೇಳಿದವರ ಕೊರಳಿಗೇ ಬೀಳುತ್ತದೆ. ಜೂನ್ ತಿಂಗಳ ಒಂದು ಬೆಳಿಗ್ಗೆ ನಾರ್‌ಶೋಪಿಂಗ್‌ನ ನಮ್ಮ ಲ್ಯಾಬಿನಲ್ಲಿ ಒಂದು ಮ್ಯೂಸಿಯಂ ಪ್ರದರ್ಶನದ ನಕ್ಷೆಯನ್ನು ಗೋಡೆಯ ಮೇಲೆ ಹಾಕಿದ್ದರು. ಹದಿನಾರನೆಯ ಶತಮಾನದಲ್ಲಿ ಈ ದೇಶ ಕ್ಯಾಥೊಲಿಕ್ ಪದ್ಧತಿ ಬಿಟ್ಟು ಲೂಥರನ್ ಆದಮೇಲೆ ನಡೆದ ಧರ್ಮದ ಜಗಳಗಳು ಅದರ ವಿಷಯ. ರಾಜನಿಗೊಂದು ದೊಡ್ಡ ಕೋಣೆ, ಬಿಷಪ್ಪರಿಗೊಂದು, ಮುದ್ರಣಯಂತ್ರಕ್ಕೂ ಒಂದು. ಪೋಲೆಂಡಿನಿಂದ ಮದುವೆಯಾಗಿ ಬಂದು, ಕೊನೆಯವರೆಗೂ ಕ್ಯಾಥೊಲಿಕ್ ಆಗಿಯೇ ಉಳಿದ ರಾಣಿಗೆ ಮಾತ್ರ ರಾಜನ ಕೋಣೆಯ ಮೂಲೆಯಲ್ಲಿ ಒಂದು ಫಲಕ. ಜಗಳದ ಒಂದು ತುದಿ ಈಕೆಯ ಕೈಯಲ್ಲಿತ್ತು ಅನ್ನುತ್ತೀರಿ, ಈಕೆಯ ಕೋಣೆ ಎಲ್ಲಿ ಎಂದು ನಾನು ಬಾಯಿಬಿಟ್ಟೆ. ಪ್ರಾಜೆಕ್ಟ್ ಮುಖ್ಯಸ್ಥ ಕಾಫಿ ಲೋಟ ಕೆಳಗಿಟ್ಟು, ಒಳ್ಳೆಯ ಪ್ರಶ್ನೆ, ನೀನೇ ಯಾಕೆ ಮಾಡಬಾರದು ಎಂದ.

ಷರತ್ತು ಸರಳವಾಗಿತ್ತು. ಎಲ್ಲರೂ ರಜೆಯಿಂದ ಮರಳಿದ ಮೇಲೆ ಆಗಸ್ಟಿನಲ್ಲಿ ಪರಿಶೀಲನಾ ಸಭೆ. ಅಷ್ಟರಲ್ಲಿ ರಾಣಿಯ ಕೋಣೆ ತನ್ನ ಕಾಲ ಮೇಲೆ ತಾನು ನಿಂತರೆ ಅದು ಪ್ರದರ್ಶನದಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಆಕೆ ಗಂಡನ ಕೋಣೆಯ ಫಲಕಕ್ಕೆ ವಾಪಸ್ಸು. ನಾನು ಈ ಲ್ಯಾಬಿನಲ್ಲಿ ಮಾಡುವ ಕೆಲಸವೇ ಅದು: ಈಗ ಇಲ್ಲದ ಕೋಣೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು, ಅವಕ್ಕೆ ಬೆಳಕು ಮತ್ತು ಸದ್ದು ತುಂಬುವುದು. ಲ್ಯಾಬಿನಲ್ಲಿ ಅದನ್ನು ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ನೋಡುತ್ತೇವೆ, ಮ್ಯೂಸಿಯಂನಲ್ಲಿ ಅದೇ ಕೋಣೆ ಗೋಡೆಗಳ ಮೇಲೆ ಆಳೆತ್ತರಕ್ಕೆ ಮೂಡುತ್ತದೆ. ಅಲ್ಲಿಯತನಕ ಬೇರೆಯವರು ಹೇಳಿದ ಕೋಣೆಗಳನ್ನು ಕಟ್ಟಿದ್ದೆ. ಇದು ನಾನೇ ಕೇಳಿ ಮೈಮೇಲೆ ಎಳೆದುಕೊಂಡ ಮೊದಲನೆಯದು.

ರಜೆಗೆ ಹೊರಡುವ ಮುನ್ನ ಪ್ರದರ್ಶನದ ಇತಿಹಾಸತಜ್ಞೆ ನನ್ನನ್ನು ಕೂರಿಸಿಕೊಂಡು ರಾಣಿಯ ಬಗ್ಗೆ ಒಂದು ಮಧ್ಯಾಹ್ನವಿಡೀ ಹೇಳಿದರು. ಐವತ್ತು ದಾಟಿದ, ಗಟ್ಟಿ ಧ್ವನಿಯ ಹೆಂಗಸು. ಅವರು ಹೇಳಿದ ಪ್ರಕಾರ ಆಕೆ, ರಾಣಿಯಾಗುವ ಮುಂಚೆ, ಗಂಡನ ಅಣ್ಣನೇ ರಾಜನಾಗಿದ್ದ ಕಾಲದಲ್ಲಿ ಗಂಡ ಸೆರೆಯಾದಾಗ, ನಿನ್ನನ್ನು ಬಿಟ್ಟುಬಿಡುತ್ತೇವೆ ಎಂದರೂ ಕೇಳದೆ ಅವನ ಜೊತೆ ಸೆರೆಮನೆಗೆ ತಾನೇ ನಡೆದವಳು. ರಾಣಿಯಾದಮೇಲೆ ಅರಮನೆಯಲ್ಲಿ ತನ್ನ ಪಾದ್ರಿಗಳನ್ನು ಇಟ್ಟುಕೊಂಡಳು, ರೋಮಿನ ಪೋಪನೊಂದಿಗೆ ಪತ್ರವ್ಯವಹಾರ ನಡೆಸಿದಳು, ಮಗನನ್ನು ತನ್ನ ಧರ್ಮದಲ್ಲೇ ಬೆಳೆಸಿದಳು. ಆ ಮಗ ಮುಂದೆ ಆ ಧರ್ಮಕ್ಕಾಗಿಯೇ ಸಿಂಹಾಸನ ಕಳೆದುಕೊಂಡ. ಅಂದಿನ ಜಗಳದ ಬಹುಪಾಲು ಚರ್ಚಿನ ಬಲಿಪೂಜೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸದ ಸುತ್ತ ಇತ್ತು, ದ್ರಾಕ್ಷಾರಸದ ಪಾತ್ರೆಯಿಂದ ಪಾದ್ರಿ ಮಾತ್ರ ಕುಡಿಯಬೇಕೋ ಎಲ್ಲರೂ ಕುಡಿಯಬಹುದೋ ಎಂಬ ವಿಷಯಕ್ಕೆ ರಾಣಿಯೇ ರೋಮಿನ ಬಾಗಿಲು ತಟ್ಟಿದ್ದಳು ಎಂದೂ ಹೇಳಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಆದರೆ ಮನಸ್ಸಿನಲ್ಲಿ ಕೂತದ್ದು ಒಂದೇ: ಮಾತು ಬಾರದ ದೇಶಕ್ಕೆ ಬಂದವಳು, ಸುತ್ತ ಯಾರೂ ನಂಬದ್ದನ್ನು ನಂಬಿಕೊಂಡು ಒಬ್ಬಳೇ ಇದ್ದವಳು.

ಆಮೇಲೆ ಜುಲೈ ಬಂತು. ಸ್ವೀಡಿಷ್ ಭಾಷೆಯಲ್ಲಿ ಸೆಮೆಸ್ಟರ್ ಅಂದರೆ ರಜೆ. ಪರೀಕ್ಷೆಯ ಹೆದರಿಕೆಯಲ್ಲೇ ಆ ಪದ ಕಲಿತ ನನ್ನಂಥವರಿಗೆ ಇದು ಕ್ರೂರವಾದ ತಮಾಷೆ. ಇಡೀ ದೇಶ ಕೆರೆ ಪಕ್ಕದ ಮರದ ಮನೆಗಳಿಗೆ ಹೊರಟುಹೋಗುತ್ತದೆ. ಯಾರಿಗೆ ಮೇಲ್ ಕಳಿಸಿದರೂ ಒಂದೇ ಉತ್ತರ, ನಾನು ಇಂಥ ವಾರದವರೆಗೆ ಸೆಮೆಸ್ಟರಿನಲ್ಲಿದ್ದೇನೆ. ಕೆಳಗಿನ ಕೆಫೆ ಮುಚ್ಚಿತ್ತು, ನಮ್ಮ ಮಹಡಿಯಲ್ಲಿ ಫ್ರಿಜ್ಜಿನ ಗುರ್ ಸದ್ದು ಬಿಟ್ಟರೆ ನಾನೇ. ಊರಿಗೆ ಹೋಗೋಣವೆಂದರೆ ಕೆಲಸದ ಪರ್ಮಿಟ್ ನವೀಕರಣ ನಡೆಯುತ್ತಿತ್ತು, ದೇಶ ಬಿಡುವಂತಿರಲಿಲ್ಲ. ಇಲ್ಲಿನ ಕನ್ನಡದವರೂ ಮಕ್ಕಳ ದಾಗಿಸ್, ಅಂದರೆ ಶಿಶುವಿಹಾರ, ಮುಚ್ಚಿದೆ ಎಂದು ಬೆಂಗಳೂರಿಗೆ ಹಾರಿದ್ದರು. ರಾತ್ರಿ ಹತ್ತಾದರೂ ಮುಳುಗದ ಬಿಸಿಲು. ಒಂಟಿತನಕ್ಕೆ ಕತ್ತಲೆಯೇ ಬೇಕೆಂದುಕೊಂಡಿದ್ದೆ, ಹಾಗೇನಿಲ್ಲ. ಬೆಳಕಿನಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಕೆಲಸ ಸುಲಭದ್ದಾಗಿರಲಿಲ್ಲ. ರಾಣಿಯಿದ್ದ ಆ ಹಳೆಯ ಅರಮನೆ ಎಂದೋ ಸುಟ್ಟುಹೋಗಿದೆ. ನನ್ನ ಬಳಿ ಇದ್ದದ್ದು ಹೊರಗಿನ ನೋಟದ ಕೆಲವು ಚಿತ್ರಗಳು, ಒರಟಾದ ಒಂದು ನಕ್ಷೆ, ಅದೇ ಕಾಲದ ಬೇರೆ ಕೋಟೆಗಳಲ್ಲಿ ಉಳಿದಿರುವ ಕೋಣೆಗಳ ಅಳತೆಗಳು. ರಾಣಿಯ ಪ್ರಾರ್ಥನೆಯ ಕೋಣೆ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ, ನಾವು ಮಾಡುವುದು ಒಂದು ಊಹೆ ಎಂದು ಮ್ಯೂಸಿಯಂನ ಬಾಗಿಲಲ್ಲೇ ಬರೆದು ಹಾಕುತ್ತೇವೆ. ಮೊದಲು ಕಿಟಕಿ. ಸ್ಟಾಕ್‌ಹೋಮ್‌ನ ಬಿಸಿಲು ಚಳಿಗಾಲದಲ್ಲಿ ಎಷ್ಟು ಓರೆಯಾಗಿ ಬೀಳುತ್ತದೆಂದು ಲೆಕ್ಕ ಹಾಕಿ ಆ ಕೋನಕ್ಕೆ ಬೆಳಕು ಇಟ್ಟೆ. ಆಮೇಲೆ ಮೇಣದ ಬತ್ತಿ. ಕಂಪ್ಯೂಟರ್ ಕೊಡುವ ಜ್ವಾಲೆ ಹುಟ್ಟುಹಬ್ಬದ ಕೇಕಿನ ಮೇಲಿನದರ ಹಾಗೆ ಕುಣಿಯುತ್ತದೆ, ಮುಚ್ಚಿದ ಕೋಣೆಯಲ್ಲಿ ನಿಜವಾದ ಜ್ವಾಲೆ ಬಹುಮಟ್ಟಿಗೆ ಸುಮ್ಮನಿರುತ್ತದೆ. ಅದನ್ನು ಸುಮ್ಮನಿರಿಸುವುದಕ್ಕೇ ನನಗೆ ಒಂದು ವಾರ ಹಿಡಿಯಿತು.

ಸದ್ದಿಗೆ ಬಲೂನು ಬೇಕಿತ್ತು. ಖಾಲಿ ಕೋಣೆಯಲ್ಲಿ ಬಲೂನು ಒಡೆದು, ಆ ಸದ್ದು ಗೋಡೆಗಳಿಗೆ ಬಡಿದು ಸಾಯುವವರೆಗಿನ ಬಾಲವನ್ನು ರೆಕಾರ್ಡ್ ಮಾಡಿಕೊಂಡರೆ, ಆಮೇಲೆ ಯಾವ ಧ್ವನಿಗೆ ಬೇಕಾದರೂ ಆ ಬಾಲವನ್ನು ಅಂಟಿಸಬಹುದು. ಧ್ವನಿ ಆ ಕೋಣೆಯಲ್ಲೇ ಹುಟ್ಟಿದಂತೆ ಕೇಳುತ್ತದೆ. ಅಂಗಡಿಯಲ್ಲಿ ಬಲೂನಿನ ಪೊಟ್ಟಣಗಳನ್ನು ಕೌಂಟರಿನ ಮೇಲಿಟ್ಟಾಗ ಅಲ್ಲಿದ್ದ ಹುಡುಗಿ ನಕ್ಕು, ಪಾರ್ಟಿಯಾ ಎಂದು ಕೇಳಿದಳು. ಹೌದು ಎಂದೆ. ಆ ವಾರ ನನ್ನ ಜೊತೆ ಎದುರುಬದುರು ನಿಂತು ಮಾತಾಡಿದ ವ್ಯಕ್ತಿ ಅವಳೊಬ್ಬಳೇ, ಅವಳಿಗೆ ಸುಳ್ಳು ಹೇಳಿ ಬಂದೆ. ನದಿ ದಂಡೆಯ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಕಲ್ಲಿನ ಕೋಣೆಯೊಂದು ಖಾಲಿ ಬಿದ್ದಿತ್ತು. ಕೀಲಿ ಇಸಿದುಕೊಂಡು ಹೋಗಿ, ಮೈಕ್ ನಿಲ್ಲಿಸಿ, ಒಂದೊಂದೇ ಬಲೂನು ಊದಿ ಸೂಜಿ ಚುಚ್ಚಿದೆ. ಪ್ರತಿ ಸಲವೂ ಉಸಿರು ಬಿಗಿಹಿಡಿದು ಆ ಬಾಲ ಮುಗಿಯುವವರೆಗೆ ನಿಲ್ಲಬೇಕು. ತುಂಬ ಉದ್ದದ ಬಾಲ. ಚೆನ್ನಾಗಿ ಬಂತು.

ರಾಣಿಯ ಪ್ರಾರ್ಥನೆಯ ಲ್ಯಾಟಿನ್ ಧ್ವನಿಯನ್ನು ಆಗಸ್ಟಿನಲ್ಲಿ ಬೇರೆಯವರಿಂದ ಹೇಳಿಸುವುದೆಂದಿತ್ತು. ಅಲ್ಲಿಯವರೆಗೆ ಜಾಗ ತುಂಬಲು ನನ್ನದೇ ಪಿಸುಮಾತು ಹಾಕಿಕೊಂಡೆ. ದೇವರ ಸ್ತೋತ್ರ ಹಾಕಲು ಮನಸ್ಸಾಗಲಿಲ್ಲ, ಯಾವುದೋ ದೇವರ ಮಾತನ್ನು ಇನ್ಯಾರದೋ ಬಾಯಿಗೆ ತುರುಕಿದಂತಾಗುತ್ತದೆ. ಹದಿಮೂರರ ಮಗ್ಗಿ ಹೇಳಿದೆ. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು. ಗಿರಣಿಯ ಬಾಲ ಅಂಟಿದ ಮೇಲೆ ಅದನ್ನು ಕೇಳಿ ನನಗೇ ಕಣ್ಣು ಒದ್ದೆಯಾಯಿತು.

ತಿಂಗಳ ಕೊನೆಗೆ ಕೋಣೆ ಸಿದ್ಧವಾಯಿತು. ಚಿಕ್ಕ ಕೋಣೆ, ತಗ್ಗಿನ ಬಾಗಿಲು, ಗೋಡೆಯಲ್ಲೊಂದು ಗೂಡು, ಒಂದೇ ದೀಪ. ಕಣ್ಣು ಮುಚ್ಚಿ ಕುಳಿತ ರಾಣಿ. ದಿನವೂ ಬೆಳಿಗ್ಗೆ ಬಂದವಳೇ ಹೆಡ್‌ಸೆಟ್ ಕಟ್ಟಿಕೊಂಡು ಮೊದಲು ಅವಳ ಪಕ್ಕ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಕೆಲಸಕ್ಕೆ ಅದರ ಅಗತ್ಯವಿರಲಿಲ್ಲ. ನನಗಿತ್ತು. ಕನ್ನಡದಲ್ಲಿ ಅವಳಿಗೆ ಏನೇನೋ ಹೇಳಿದ್ದೂ ಉಂಟು, ಪರ್ಮಿಟ್ ಇನ್ನೂ ಬಂದಿಲ್ಲ ಅಂತ, ಅನ್ನ ಸೀದುಹೋಯಿತು ಅಂತ. ಅವಳಿಗೆ ನಾನೊಬ್ಬಳೇ, ನನಗೆ ಅವಳೊಬ್ಬಳೇ.

ಆಗಸ್ಟಿನ ಸಭೆಗೆ ಎಲ್ಲರೂ ಬಿಸಿಲಿಗೆ ಕೆಂಪಾಗಿ ಬಂದರು. ಮುಖ್ಯಸ್ಥ ಹೆಡ್‌ಸೆಟ್ ತೆಗೆದು, ಬಹಳ ಚೆಂದ ಎಂದು ಎರಡು ಸಲ ಹೇಳಿದ. ಇಲ್ಲಿ ಬಹಳ ಚೆಂದ ಎಂಬುದರ ಹಿಂದೆ ಯಾವಾಗಲೂ ಒಂದು ಆದರೆ ನಿಂತಿರುತ್ತದೆ. ಆ ಪಿಸುಮಾತು ಮನಸ್ಸಿಗೆ ತಟ್ಟಿತು, ಯಾವ ಭಾಷೆಯ ಪ್ರಾರ್ಥನೆ ಎಂದು ಕೇಳಿದ. ಲೆಕ್ಕದ್ದು ಎಂದೆ, ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆ ಆದರೆ ಬಂತು. ನೋಡಿದವರಿಗೆ ಈಕೆಯ ಮೇಲೆ ಕನಿಕರ ಹುಟ್ಟುತ್ತದೆ, ಆದರೆ ಜಗಳ ಎಲ್ಲಿದೆ? ಈ ಕೋಣೆಯನ್ನು ಪ್ರದರ್ಶನದ ನಡುವೆ ಜನ ಕೂತು ದಣಿವಾರಿಸಿಕೊಳ್ಳುವ ಜಾಗ ಮಾಡಿ ಬೆಂಚು ಹಾಕಿದರೆ ಹೇಗೆ? ರಾಣಿಯ ವಿಷಯವನ್ನು ಮೊದಲಿನಂತೆ ಫಲಕದಲ್ಲೇ ಹೇಳೋಣ ಎಂದ.

ನಾನು ಇತಿಹಾಸತಜ್ಞೆಯ ಕಡೆ ನೋಡಿದೆ. ಅವರು ನನ್ನ ಪರ ನಿಲ್ಲುತ್ತಾರೆಂದುಕೊಂಡಿದ್ದೆ.

"ಇದು ಸನ್ಯಾಸಿನಿಯ ಕೋಣೆ" ಎಂದರು ಅವರು. "ಆ ರಾಣಿ ಇಲ್ಲಿ ಎರಡು ದಿನವೂ ಇರುತ್ತಿರಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಹೆಂಗಸು ಒಬ್ಬಳೇ ಕೂತರೆ ಅದರಲ್ಲಿ ಬಲವಿಲ್ಲವೇ, ಪರದೇಶದಲ್ಲಿ ತನ್ನ ದೇವರನ್ನು ಬಿಡದೆ ಇರುವುದು ನಿಮಗೆ ದಣಿವಾರಿಸಿಕೊಳ್ಳುವ ವಿಷಯವೇ ಎಂದು ಕೇಳಿದೆ. ಧ್ವನಿ ಸ್ವಲ್ಪ ಏರಿತೆಂದು ಕಾಣುತ್ತದೆ, ಎಲ್ಲರೂ ಕಾಫಿ ಲೋಟದೊಳಗೆ ನೋಡತೊಡಗಿದರು. ಇಲ್ಲಿ ಯಾರೂ ಜಗಳವಾಡುವುದಿಲ್ಲ, ಮುಂದಿನ ಸಭೆಗೆ ತಳ್ಳುತ್ತಾರೆ. ಮುಂದಿನ ವಾರ ಕೊನೆಯ ತೀರ್ಮಾನ ಎಂದಾಯಿತು. ಹೊರಡುವಾಗ ಮುಖ್ಯಸ್ಥ ಪರದೆಯ ಮೇಲಿದ್ದ ಫೈಲಿನ ಹೆಸರನ್ನು ನಿಧಾನವಾಗಿ ಓದಿದ, ದೇ-ವ-ರ-ಮಾ-ನೆ. ರಾಣಿಯ ಪೋಲಿಷ್ ಹೆಸರೇ ಎಂದು ಕೇಳಿದ. ಅಲ್ಲ, ಪ್ರಾರ್ಥನೆಯ ಕೋಣೆ ಅಂತ ಅರ್ಥ ಎಂದೆ. ಆ ಹೆಸರನ್ನು ಜುಲೈ ಮೊದಲ ದಿನ ಯೋಚನೆಯಿಲ್ಲದೆ ಟೈಪ್ ಮಾಡಿದ್ದೆ.

ಆ ಭಾನುವಾರ ನನ್ನ ಗೆಳತಿಯನ್ನು ಲ್ಯಾಬಿಗೆ ಕರೆದೆ. ಕುಂದಾಪುರದ ಕಡೆಯವಳು, ಇಲ್ಲಿ ಸಾಗಣೆ ಕಂಪನಿಯೊಂದರಲ್ಲಿ ಲಾರಿಗಳ ಓಡಾಟ ಯೋಜಿಸುವ ಕೆಲಸ. ಮನೆಯವರ ಜೊತೆ ಫೋನಿನಲ್ಲಿ ಮಾತ್ರ ಕುಂದಗನ್ನಡ, ನಮ್ಮೆದುರು ಬೆಂಗಳೂರಿನ ಕನ್ನಡ. ಹಿಂದಿನ ದಿನವಷ್ಟೇ ಊರಿಂದ ಬಂದಿದ್ದಳು. ನಿಜ ಹೇಳಬೇಕೆಂದರೆ ಅಭಿಪ್ರಾಯ ಕೇಳಲು ಕರೆದದ್ದಲ್ಲ, ಯಾರಾದರೂ ಹೊಗಳಲಿ ಎಂದು ಕರೆದದ್ದು. ಹೆಡ್‌ಸೆಟ್ ಕಟ್ಟಿದೆ. ಅವಳು ಎರಡು ಹೆಜ್ಜೆ ಮುಂದಿಟ್ಟು ನಿಂತಳು. ಒಂದು ಕಾಲಿನಿಂದ ಇನ್ನೊಂದನ್ನು ಒತ್ತಿ ಚಪ್ಪಲಿ ಕಳಚಿದಳು. ಬಗ್ಗಿ, ಏನೂ ಇಲ್ಲದ ಲ್ಯಾಬಿನ ನೆಲವನ್ನು ಬೆರಳ ತುದಿಯಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳಲು ಹೋಗಿ ಹೆಡ್‌ಸೆಟ್ಟಿಗೆ ಕುಟ್ಟಿಕೊಂಡಳು. ಆಮೇಲೆ ಕಾಲನ್ನು ಎತ್ತರಕ್ಕೆ ಎತ್ತಿ ಒಳಗಿಟ್ಟಳು.

"ಎಷ್ಟ್ ಚೆನ್ನಾಗ್ ಮಾಡಿದ್ದೀಯ ಕಣೇ. ಥೇಟ್ ನಮ್ಮನೆ ದೇವರ ಮನೆ" ಅಂದಳು. ಸ್ವಲ್ಪ ಹೊತ್ತು ಸುತ್ತ ನೋಡಿ, "ಒಂದ್ ಡೌಟು. ನೈವೇದ್ಯ ಆದ್ಮೇಲೆ ಪ್ರಸಾದ ಯಾರಿಗ್ ಕೊಡ್ತಾಳೆ? ಇಲ್ಲಿ ಇನ್ನೊಬ್ರು ನಿಂತ್ಕೊಳ್ಳೋಕೂ ಜಾಗ ಇಲ್ವಲ್ಲ."

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಅಳತೆಗಳನ್ನು ತೆರೆದು ಕೂತೆ. ಹೊಸ್ತಿಲು. ಯಾವ ನಕ್ಷೆಯಲ್ಲೂ ಅದಿರಲಿಲ್ಲ, ಯಾವ ಕೋಟೆಯ ಅಳತೆಯಲ್ಲೂ ಅಷ್ಟೆತ್ತರದ್ದು ಇರಲಿಲ್ಲ. ಬಾಗಿಲಿನ ಅಗಲ ಒಬ್ಬರಿಗೆ ಸರಿಯಾಗುವಷ್ಟು. ಗೋಡೆಯ ಗೂಡಿಗೂ ಆಧಾರವಿರಲಿಲ್ಲ. ಕಿಟಕಿಯ ಕೋನಕ್ಕೆ ಅಷ್ಟೊಂದು ಲೆಕ್ಕ ಹಾಕಿದ ನಾನು ಇವನ್ನೆಲ್ಲ ಕೈಗೆ ಬಂದಂತೆ ಎಳೆದಿದ್ದೆ, ಕೈಗೆ ಬಂದದ್ದು ಶ್ರೀರಾಮಪುರದ ನಮ್ಮ ಬಾಡಿಗೆ ಮನೆಯ ದೇವರ ಮನೆ. ಮೆಟ್ಟಿಲ ಕೆಳಗಿನ ಗೂಡು ಅದು. ಅಮ್ಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರೆ ಯಾರೂ ಅವಳನ್ನು ಕರೆಯುವಂತಿರಲಿಲ್ಲ. ಅತ್ತೆ, ಗಂಡ, ನಾವು ಮೂರು ಜನ ಮಕ್ಕಳು, ಎಲ್ಲರಿಂದ ಅವಳು ತಪ್ಪಿಸಿಕೊಳ್ಳುತ್ತಿದ್ದ ಜಾಗ ಅದೊಂದೇ. ಮನೆ ತುಂಬ ಜನರಿದ್ದ ಹೆಂಗಸಿಗೆ ಒಂಟಿಯಾಗಲು ಅದು ಬೇಕಿತ್ತು. ಈ ದೇಶದಲ್ಲಿ ಒಂಟಿಯಾಗಿಯೇ ಇದ್ದ ಒಬ್ಬಳನ್ನು ನಾನು ಅದರೊಳಗೆ ಕೂರಿಸಿ ಬಾಗಿಲು ಹಾಕಿಬಿಟ್ಟಿದ್ದೆ.

ಆಗ ಇತಿಹಾಸತಜ್ಞೆ ಹೇಳಿದ್ದೆಲ್ಲ ಒಂದೊಂದಾಗಿ ಸರಿಯಾದ ಜಾಗಕ್ಕೆ ಬಂದು ಕೂತಿತು. ನಾನು ಓದಿದ್ದು ಕಾನ್ವೆಂಟಿನಲ್ಲಿ, ಬಲಿಪೂಜೆ ಒಬ್ಬರು ಮಾಡಿಕೊಂಡು ಎದ್ದುಹೋಗುವಂಥದ್ದಲ್ಲ ಎಂದು ನನಗೆ ಗೊತ್ತೇ ಇತ್ತು. ಕೊಡುವವರು ಬೇಕು, ತೆಗೆದುಕೊಳ್ಳುವವರು ಬೇಕು. ಈ ಪಾತ್ರೆಯಿಂದ ಯಾರು ಕುಡಿಯಬಹುದು ಎಂದು ಯೂರೋಪಿನ ಜನ ಕಚ್ಚಾಡುತ್ತಿದ್ದ ಕಾಲದಲ್ಲಿ, ಲೂಥರನ್ ಅರಮನೆಯೊಳಗೆ ಅದೇ ಪೂಜೆ ನಡೆಸಿಕೊಂಡು ಹೋದವಳ ಬಲ ಅವಳ ಮುಚ್ಚಿದ ಕಣ್ಣಿನಲ್ಲಿರಲಿಲ್ಲ. ಅವಳ ಬಾಗಿಲಿನಲ್ಲಿತ್ತು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಕಾಯಿಸಬೇಕು ಎಂಬುದು ಅವಳ ಕೈಯಲ್ಲಿತ್ತು.

ಮುಖ್ಯಸ್ಥನಿಗೆ ಫೋನ್ ಮಾಡಿ, ಬೆಂಚು ಹಾಕಬೇಡಿ, ಕೋಣೆಯನ್ನು ಮೊದಲಿಂದ ಕಟ್ಟುತ್ತೇನೆ ಎಂದೆ. ಒಂದು ವಾರದಲ್ಲಾ ಎಂದ. ಹೌದು ಎಂದೆ. ಆಗದಿದ್ದರೆ ಅಷ್ಟರಲ್ಲಿ ಉಳಿದ ಫಲಕಗಳು ಅಚ್ಚಿಗೆ ಹೋಗಿರುತ್ತವೆ, ರಾಣಿಗೆ ಫಲಕವೂ ಇರುವುದಿಲ್ಲ, ಬೆಂಚೂ ಇರುವುದಿಲ್ಲ, ಆ ಜಾಗ ಮುದ್ರಣಯಂತ್ರಕ್ಕೆ ಹೋಗುತ್ತದೆ ಎಂದು ಮೃದುವಾಗಿಯೇ ಎಚ್ಚರಿಸಿದ. ಮೃದುವಾಗಿ ಹೇಳಿದ್ದೇ ಹೆಚ್ಚು ಹೆದರಿಸಿತು.

ಮೊದಲು ಹೊಸ್ತಿಲು ಅಳಿಸಿದೆ. ಗೂಡು ಹೋಯಿತು. ಬಾಗಿಲನ್ನು ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲ ಮಾಡಿದೆ, ಅದರ ಮುಂದೆ ಜನ ಕಾಯುವ ಉದ್ದನೆಯ ಪಡಸಾಲೆ. ನೋಡುವವರು ರಾಣಿಯ ಪಕ್ಕದಲ್ಲಿ ನಿಲ್ಲುವಂತಿಲ್ಲ, ಪಡಸಾಲೆಯಲ್ಲಿ ಎಲ್ಲರ ಜೊತೆ ನಿಲ್ಲಬೇಕು. ದೂರದಲ್ಲಿ ರಾಣಿಯ ಬೆನ್ನು. ಬಾಗಿಲ ಬಳಿ ಬಂದವರ ಕಡೆ ಅವಳು ತಿರುಗಿ ನೋಡಿ ತಲೆಯಾಡಿಸಿದರೆ ಒಳಗೆ ದೀಪಗಳು ಹೊತ್ತಿ ದಾರಿಯಾಗುತ್ತದೆ. ಕೆಲವರಿಗೆ ತಕ್ಷಣ, ಕೆಲವರಿಗೆ ತಡವಾಗಿ. ಯಾರಿಗೆ ಯಾವಾಗ ಎಂದು ಹೊರಗೆ ನಿಂತವರಿಗೆ ತಿಳಿಯಬಾರದು. ಕಣ್ಣು ತೆರೆದ ರಾಣಿಯ ಮುಖ ಮಾಡಿದೆ. ಹಳೆಯ ಮುಖವನ್ನು ಅಳಿಸುವ ಮುನ್ನ ಒಮ್ಮೆ ಹೆಡ್‌ಸೆಟ್ ಕಟ್ಟಿಕೊಂಡು ಅವಳ ಪಕ್ಕ ನಿಂತೆ. ಅಳಿಸಿದೆ, ಆಮೇಲೆ ಪಾತ್ರೆ ತೊಳೆಯುವ ಕೋಣೆಗೆ ಹೋಗಿ ಅತ್ತೆ.

ಸದ್ದು ಇನ್ನೂ ಬಾಕಿಯಿತ್ತು. ಪಡಸಾಲೆಯ ಗುಂಪಿಗೆ ಮಗ್ಗಿ ಹೇಳಿ ತೀರಿಸುವಂತಿರಲಿಲ್ಲ, ನಿಜವಾದ ಜನ ಬೇಕಿತ್ತು. ಜುಲೈನಲ್ಲಿ ಒಬ್ಬರಿಗೂ ಫೋನ್ ಮಾಡದೆ ಬಿಗಿದುಕೊಂಡಿದ್ದವಳು ನಾಚಿಕೆ ಬಿಟ್ಟು ಸಿಕ್ಕಿದವರಿಗೆಲ್ಲ ಮಾಡಿದೆ. ಗೆಳತಿ ತನ್ನ ಗಂಡ, ಮಗಳನ್ನು ಕರೆತಂದಳು. ಓರೆಬ್ರೂವಿನಿಂದ ಇಬ್ಬರು ಕನ್ನಡದ ಡಾಕ್ಟರೇಟ್ ವಿದ್ಯಾರ್ಥಿಗಳು ರೈಲಿನಲ್ಲಿ ಬಂದರು. ಇತಿಹಾಸತಜ್ಞೆ ತಮ್ಮ ಪರಿಚಯದ ಒಂದಷ್ಟು ಪೋಲಿಷ್ ಹೆಂಗಸರನ್ನು ಕಳಿಸಿದರು. ದಪ್ಪ ಕೋಟು ಹಾಕಿಕೊಂಡು ಬನ್ನಿ ಎಂದು ಹೇಳಿದ್ದೆ. ಆಗಸ್ಟಿನಲ್ಲಿ ಕೋಟೇ ಎಂದು ಬೈದುಕೊಳ್ಳುತ್ತಲೇ ಎಲ್ಲರೂ ಆ ಗಿರಣಿಯ ಕೋಣೆಯಲ್ಲಿ ಒತ್ತಿಕೊಂಡು ನಿಂತರು. ತಂತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡಿ ಎಂದೆ. ಆಮೇಲೆ ಎಲ್ಲರೂ ಸುಮ್ಮನಿರಿ ಎಂದು ಹೇಳಿ ಒಂದು ಬಲೂನು ಒಡೆದೆ. ಗೆಳತಿಯ ಮಗಳು ಸ್ವೀಡಿಷ್‌ನಲ್ಲಿ, ಇನ್ನೊಂದು ಎಂದು ಕೇಳಿದಳು.

ಮನೆಗೆ ಬಂದು ಎರಡು ರೆಕಾರ್ಡಿಂಗುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಅದೇ ಕೋಣೆ, ಅದೇ ಮೈಕು. ಜನ ತುಂಬಿದ ಕೋಣೆಯಲ್ಲಿ ಆ ಬಾಲ ಅರ್ಧದಷ್ಟೂ ಇರಲಿಲ್ಲ. ಮೈ ಮತ್ತು ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ, ಇದು ನಮ್ಮ ಕಸುಬಿನಲ್ಲಿ ಮೊದಲ ವರ್ಷವೇ ಹೇಳಿಕೊಡುವ ಪಾಠ. ಜುಲೈನಲ್ಲಿ ನನ್ನನ್ನು ಅಳಿಸಿದ ಆ ಉದ್ದನೆಯ ಗುಂಯ್‌ಗುಡುವಿಕೆ ದೇವರದ್ದೂ ಅಲ್ಲ, ರಾಣಿಯದ್ದೂ ಅಲ್ಲ. ಕೋಣೆ ಖಾಲಿಯಿದ್ದದ್ದರ ಸದ್ದು ಅಷ್ಟೇ.

ಎರಡನೆಯ ಸಭೆಯಲ್ಲಿ ಹೆಚ್ಚು ಮಾತಾಗಲಿಲ್ಲ. ಮುಖ್ಯಸ್ಥ ಹೆಡ್‌ಸೆಟ್ ಕಟ್ಟಿಕೊಂಡು ಪಡಸಾಲೆಯಲ್ಲಿ ನಿಂತ. ರಾಣಿ ಅವನನ್ನು ಕಾಯಿಸಿದಳು. ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ, ಗಂಟಲು ಸರಿಮಾಡಿಕೊಂಡ, ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಕೊನೆಗೆ ಅವಳು ತಲೆಯಾಡಿಸಿದಾಗ ಇವನೂ ತಲೆ ತಗ್ಗಿಸಿದ್ದನ್ನು ನಾವೆಲ್ಲ ನೋಡಿದೆವು.

"ಈಗ ಇದು ಅವಳ ಕೋಣೆ" ಎಂದರು ಇತಿಹಾಸತಜ್ಞೆ. ಫಲಕದ ಮಾತು ಮತ್ತೆ ಬರಲಿಲ್ಲ.

ಪ್ರದರ್ಶನ ತೆರೆದ ದಿನ ಕೊರಳಿಗೆ ಸಿಬ್ಬಂದಿಯ ಬಿಲ್ಲೆ ಹಾಕಿಕೊಂಡು ಹೋದೆ. ಬಾಗಿಲ ಬಳಿ ಬಂದವರನ್ನು ಗುರುತಿಸಿ ರಾಣಿಯನ್ನು ತಿರುಗಿಸುವ ಚಾವಣಿಯ ಸೆನ್ಸರುಗಳು ಆ ಬಿಲ್ಲೆಯವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ದುರಸ್ತಿಗೆ ಓಡಾಡುವವರನ್ನು ಕಂಡು ರಾಣಿಗೆ ಗಲಿಬಿಲಿಯಾಗಬಾರದೆಂದು ಪ್ರೋಗ್ರಾಮಿನಲ್ಲಿ ನಾನೇ ಹಾಗೆ ಬರೆದದ್ದು. ಪಡಸಾಲೆ ತುಂಬಿತ್ತು. ನಾನು ಜನರ ನಡುವೆ ನುಸುಳಿ ಬಾಗಿಲ ಬಳಿ ಹೋಗಿ, ಯಾವ ಕೆಲಸವೂ ಇಲ್ಲದೆ, ನಿಂತೆ. ರಾಣಿ ತಿರುಗಲಿಲ್ಲ. ತಿರುಗುವುದಿಲ್ಲವೆಂದು ನನಗೆ ಗೊತ್ತಿತ್ತು, ಆದರೂ ಕಾದೆ. ಬಿಲ್ಲೆ ತೆಗೆದು ಪಕ್ಕಕ್ಕೆ ಇಟ್ಟು ಬಂದರೆ ಸಾಕಿತ್ತು. ಕೈ ಕೊರಳಿನವರೆಗೆ ಹೋಗಿತ್ತು ಕೂಡ.

ಹಿಂದಿನಿಂದ ಒಬ್ಬ ವಯಸ್ಸಾದ ಹೆಂಗಸು ಮೆಲ್ಲಗೆ ಭುಜ ಮುಟ್ಟಿ, ಕ್ಷಮಿಸಿ, ನೀವು ಸಾಲಿನಲ್ಲಿದ್ದೀರಾ ಎಂದು ಕೇಳಿದರು.

ಇಲ್ಲ ಎಂದೆ. ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ರಾಣಿ ತಿರುಗಿ ಅವರನ್ನು ನೋಡಿದಳು.